ಕ್ಯಾಪ್ಟನ್ ಖಮೀಸ್ ಬಿದ್ದಾಗ ಕುಣಿದವರು

೧೯೮೯ರ ಮಾರ್ಚ್ ೧೧, ಶನಿವಾರ. ಹುಸೂಮ್ ಬಿರುಗಾಳಿ ಎದ್ದು ಅಂದಿಗೆ ಮೂರನೆಯ ದಿನ. ಬೆಳಗಿನ ಜಾವ ಕಡಲ ಕಡೆಯಿಂದ ಓರೆಯಾಗಿ ಮಳೆ ಹೊಡೆಯಿತು. ಒಂಬತ್ತರ ಹೊತ್ತಿಗೆ ಸ್ವಲ್ಪ ಆಲಿಕಲ್ಲು ಬಿತ್ತು. ಮಧ್ಯಾಹ್ನ ಬಿಸಿಲು ಬಂದರೂ ಗಾಳಿ ಮಾತ್ರ ಇಳಿಯಲಿಲ್ಲ. ಅಲೆಕ್ಸಾಂಡ್ರಿಯದ ಹಳೆಯ ಹತ್ತಿ ಗೋದಾಮಿನ ತಗಡಿನ ಸೂರು ದಿನವಿಡೀ ಬಡಿದುಕೊಳ್ಳುತ್ತಿತ್ತು. ಆ ಸೂರಿನ ಕೆಳಗೆ, ಸಿನಿಮಾದವರಿಗೆ ಗುಂಪಿನ ಜನರನ್ನು ಒದಗಿಸುವ ಇನ್ಸಾಫ್, ಒದ್ದೆಯಾದ ಬೂಟು ಕಳಚಿ, ಊದಿದ ಕಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿಕೊಂಡು, ತಾನು ಮಾಡಿದ ತಪ್ಪನ್ನು ಯೋಚಿಸುತ್ತ ಕುಳಿತಿದ್ದಳು.

ತಪ್ಪು ನೋಡಲು ಸಣ್ಣದೇ. ಅದೊಂದು ಬಾಕ್ಸಿಂಗ್ ಚಿತ್ರ. ತೆಗೆಯುತ್ತಿದ್ದುದು ಕೊನೆಯ ಪಂದ್ಯ. ಕೈರೋದಿಂದ ಬಂದ ಸಹಾಯಕ ನಿರ್ದೇಶಕ ಉಸ್ತಾದ್ ನಬೀಹ್ ಅವಳಿಗೆ ಮೊದಲೇ ಹೇಳಿದ್ದ: "ಬಾಕ್ಸಿಂಗ್ ಅಂದ್ರೇನು ಅಂತ ಗೊತ್ತಿರೋ ಜನ ಬೇಕು, ಸಿತ್ ಇನ್ಸಾಫ್. ಮದುವೆ ಊಟಕ್ಕೆ ಕೂತ ಹಾಗೆ ಕೂರೋರು ಬೇಡ." ಅವಳು ಹೆಚ್ಚು ಯೋಚಿಸದೆ ತನ್ನ ಕರ್ಮೂಝ್ ಕೇರಿಯ ಜನರನ್ನೇ ಬಸ್ಸು ಹತ್ತಿಸಿದಳು. ಒಮ್ಮೆಯಾದರೂ ಗ್ಲೌಸು ತೊಡದವನೊಬ್ಬನೂ ಇಲ್ಲದ ಓಣಿಗಳು ಅವು. ಇತ್ತ ಚಿತ್ರದ ಖಳನಾಗಿ, ನಾಯಕನ ಏಟಿಗೆ ನೆಲಕ್ಕುರುಳಬೇಕಾದ ಹಳೆಯ ಚಾಂಪಿಯನ್ ಆಗಿ, ನಿರ್ದೇಶಕರು ಆರಿಸಿಕೊಂಡಿದ್ದವನು ಕ್ಯಾಪ್ಟನ್ ಖಮೀಸ್. ಅದೇ ಕೇರಿಯ ಕ್ಲಬ್ಬಿನಲ್ಲಿ ಅಪ್ಪಂದಿರಿಗೂ ಮಕ್ಕಳಿಗೂ ಬಾಕ್ಸಿಂಗ್ ಕಲಿಸಿದವನು. ಈ ಎರಡು ಸಂಗತಿಗಳೂ ಇನ್ಸಾಫಳಿಗೆ ಗೊತ್ತಿದ್ದವು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಅವಳು ಈ ಕಸುಬಿಗೆ ಬಂದದ್ದು ಒಂದು ಸುಳ್ಳು ಶವಯಾತ್ರೆಯ ದೆಸೆಯಿಂದ. ನೂಲಿನ ಗಿರಣಿಯಲ್ಲಿದ್ದ ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮೈಮೇಲೆ ಕರಿ ಬಟ್ಟೆಯಿತ್ತು. ಟ್ರಾಮ್ ನಿಲ್ದಾಣದ ಬಳಿ ಚಿತ್ರ ತೆಗೆಯುತ್ತಿದ್ದವರಿಗೆ ಅಳುವ ಹೆಂಗಸರು ಬೇಕಾಗಿದ್ದರು. "ನಿಮ್ಮ ಥರದೋರು ಇನ್ನೂ ಯಾರಾದ್ರೂ ಸಿಕ್ತಾರೇನಮ್ಮಾ?" ಎಂದು ಒಬ್ಬ ಕೇಳಿದ. ಅವಳು ಓಣಿಗೆ ಹೋಗಿ, ಕರಿ ಬಟ್ಟೆ ಇದ್ದವರನ್ನೆಲ್ಲ ಒಲೆಯ ಮುಂದಿನಿಂದ ಎಬ್ಬಿಸಿ ತಂದಳು. ಅವರು ಅತ್ತ ರೀತಿಗೆ ಕ್ಯಾಮೆರಾದವನೂ ಮೂಗೊರೆಸಿಕೊಂಡನಂತೆ. ಅಂದಿನಿಂದ ಮದುವೆಯ ದಿಬ್ಬಣ, ಸಂತೆ, ಆಸ್ಪತ್ರೆಯ ಸಾಲು, ಗೆದ್ದ ಸೈನ್ಯ, ಸೋತ ಸೈನ್ಯ, ಯಾವುದು ಬೇಕಾದರೂ ಚಿತ್ರದವರು ಅವಳ ಬಾಗಿಲು ತಟ್ಟುತ್ತಿದ್ದರು. ಕ್ಯಾಮೆರಾದ ಹಿಂದೆ ನಿಂತು ಅವಳು ತಲೆವಸ್ತ್ರದ ತುದಿಯನ್ನು ಎತ್ತಿದರೆ ಗುಂಪು ಕೂಗಬೇಕು, ಇಳಿಸಿದರೆ ಸುಮ್ಮನಾಗಬೇಕು. ಚಿತ್ರದ ಹೆಸರುಗಳ ಸಾಲಿನಲ್ಲಿ ಅವಳ ಹೆಸರು ಎಂದೂ ಬರಲಿಲ್ಲ. ಬರಬೇಕೆಂದು ಅವಳೂ ಕೇಳಲಿಲ್ಲ.

ಈ ಬದುಕು ನಿಂತದ್ದು ಎರಡು ನಂಬಿಕೆಗಳ ಮೇಲೆ. ಇನ್ಸಾಫಳಿಗೆ ಹೇಳಿದರೆ ಬೆಳಗಾಗುವಷ್ಟರಲ್ಲಿ ಬೇಕಾದ ಮುಖಗಳು ಬಾಗಿಲಲ್ಲಿರುತ್ತವೆ ಎಂಬುದು ಚಿತ್ರದವರ ನಂಬಿಕೆ. ಅವಳ ಬಸ್ಸು ಹತ್ತಿದರೆ ಹೊಟ್ಟೆಗೆ ಊಟ, ಸಂಜೆಗೆ ಕೂಲಿ, ಮಾನವಾಗಿ ಮನೆಗೆ ವಾಪಸು ಎಂಬುದು ಕೇರಿಯವರ ನಂಬಿಕೆ. ಒಂದು ಮುರಿದರೂ ಇನ್ನೊಂದರಿಂದ ಹೊಟ್ಟೆ ತುಂಬುವಂತಿರಲಿಲ್ಲ. ಆ ಶನಿವಾರ ಎರಡೂ ಒಂದೇ ಹಗ್ಗದ ಮೇಲೆ ನಿಂತಿದ್ದವು.

ನೂರೆಂಬತ್ತು ಜನ ಮೂರು ಸಾವಿರವಾಗಿ ಕಾಣಬೇಕಿತ್ತು. ಕ್ಯಾಮೆರಾ ತಿರುಗಿದ ಕಡೆಗೆಲ್ಲ ಅವರನ್ನು ಎಬ್ಬಿಸಿ ಕೂರಿಸಬೇಕು. ಪ್ರತಿ ಸಲ ಟೋಪಿ ಬದಲು, ಕೋಟು ಬದಲು. ಹಿಂದಿನ ಸಾಲುಗಳಲ್ಲಿ ಹಲಗೆಯಲ್ಲಿ ಕತ್ತರಿಸಿದ ಆಕಾರಗಳಿಗೆ ಹಳೆಯ ಕೋಟು ತೊಡಿಸಿ ನಿಲ್ಲಿಸಿದ್ದರು. ಹೊಗೆ ತುಂಬಿದಂತೆ ಕಾಣಲೆಂದು ಒಬ್ಬ ಧೂಪದ ಬಟ್ಟಲು ಹಿಡಿದು ರಿಂಗಿನ ಸುತ್ತ ಬರುತ್ತಿದ್ದ. ಬೆವರು ಗ್ಲಿಸರಿನ್ನಿನದು. ರಕ್ತವನ್ನು ಕರ್ಕದೇ ಎಂಬ ಕೆಂಪು ಹೂವಿನ ಕಷಾಯಕ್ಕೆ ಕಪ್ಪು ಬೆಲ್ಲದ ಪಾಕ ಬೆರೆಸಿ ಮಾಡಿದ್ದರು. ಗೋದಾಮಿನ ನೊಣಗಳೆಲ್ಲ ಕ್ಯಾಪ್ಟನ್ ಖಮೀಸನ ಹುಬ್ಬಿನ ಮೇಲೆಯೇ. ಅವನು ನಾಲಗೆ ಚಾಚಿ ತುಟಿಯಂಚಿನ ರಕ್ತ ನೆಕ್ಕಿ, "ನನ್ನ ರಕ್ತ ಇಷ್ಟು ಸಿಹಿ ಅಂತ ಗೊತ್ತಿದ್ದಿದ್ರೆ ಉಮ್ ಸಬ್ರಿ ಇಷ್ಟು ವರ್ಷ ನನ್ನ ಬೈತಿರ್ಲಿಲ್ಲ" ಎಂದ. ಉಮ್ ಸಬ್ರಿ ಅವನ ಹೆಂಡತಿ. ಮೂರನೆಯ ಸಾಲಿನಲ್ಲಿ ಗುಂಪಿನವಳಾಗಿ ಕುಳಿತಿದ್ದಳು. "ಸಿಹಿ ಇದ್ದಿದ್ರೆ ಇಷ್ಟೊತ್ತಿಗೆ ಇರುವೆ ಹೊತ್ಕೊಂಡು ಹೋಗ್ತಿದ್ವು" ಎಂದು ಅಲ್ಲಿಂದಲೇ ಹೇಳಿದಳು.

ನಾಯಕ ನಟನ ಮುಷ್ಟಿ ಖಮೀಸನ ದವಡೆಯಿಂದ ಒಂದು ಗೇಣು ದೂರದಲ್ಲಿ ಹಾದುಹೋಗಬೇಕು. ಸರಿಯಾಗಿ ಆ ಕ್ಷಣಕ್ಕೆ ಖಮೀಸ್ ಕತ್ತನ್ನು ಹಿಂದಕ್ಕೆಸೆದು ಬೀಳಬೇಕು. ಭುಜದ ಹಿಂದೆ ನಿಂತ ಕ್ಯಾಮೆರಾಕ್ಕೆ ಅದು ಏಟು. ಬೆಂಚಿನ ಮೇಲೆ ಕುಳಿತವರಿಗೆ ನಡುವಿನ ಆ ಗೇಣು ಚೆನ್ನಾಗಿಯೇ ಕಾಣುತ್ತಿತ್ತು.

ಮೊದಲ ಟೇಕಿನಲ್ಲಿ ಖಮೀಸ್ ಬಿದ್ದ. ಇನ್ಸಾಫ್ ತಲೆವಸ್ತ್ರದ ತುದಿ ಎತ್ತಿದಳು. ಜಯಘೋಷ ಏಳಬೇಕಾದ ಕಡೆ ಮುಂದಿನ ಸಾಲಿನಿಂದ ಹಾಜ್ ದುಸೂಕಿ ಎದ್ದ. ಫೂಲ್ ಕಾಳು ಬೇಯಿಸಿ ಮಾರುವವನು, ಹಿಂದೆ ಕ್ಲಬ್ಬಿನಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದವನು.

"ತಾಗ್ಲೇ ಇಲ್ಲಾ!"

"ಗಾಳಿಗೆ ಹೊಡ್ದ!" ಎಂದಿತು ಹಿಂದಿನ ಸಾಲು.

"ರೆಫರಿ, ಕಣ್ಣು ಮನೇಲಿಟ್ಟು ಬಂದ್ಯಾ?"

"ಏಳಿ ಕ್ಯಾಪ್ಟನ್, ಇದೇನು ಮಲಗೋ ಹೊತ್ತಾ?"

ನಿರ್ದೇಶಕರು ಧ್ವನಿವರ್ಧಕ ಎತ್ತಿ, "ಇವರು ನೋಡೋಕೆ ಬಂದೋರೋ, ನ್ಯಾಯ ಹೇಳೋಕೆ ಬಂದೋರೋ?" ಎಂದರು. ನಾಯಕ ನಟ ಒಳ್ಳೆಯ ಹುಡುಗ, ಪ್ರತಿ ಸಲವೂ ಬಗ್ಗಿ ಕೈ ಕೊಟ್ಟು, "ನೋವಾಯ್ತಾ ಕ್ಯಾಪ್ಟನ್?" ಎಂದು ಕೇಳುತ್ತಿದ್ದ. "ಹೊಡೆದ್ರೆ ತಾನೆ ನೋವಾಗೋದು ಮಗನೇ" ಎಂದು ಖಮೀಸ್ ಏಳುತ್ತಿದ್ದ. ಐವತ್ತು ದಾಟಿದವನು, ಒಂದೊಂದು ಸಲ ಏಳುವಾಗಲೂ ಮೊಣಕಾಲಿನ ಮೇಲೆ ಕೈ ಊರಿಕೊಳ್ಳುವ ಹೊತ್ತು ಸ್ವಲ್ಪ ಸ್ವಲ್ಪ ಹೆಚ್ಚುತ್ತಿತ್ತು.

ಇನ್ಸಾಫ್ ಬೆಂಚುಗಳ ನಡುವೆ ಓಡಾಡಿ ಗಂಟಲು ಕಳೆದುಕೊಂಡಳು. "ಹಾಜ್, ಅವ್ರು ಸೋತ್ರೆ ನಿಮಗೆ ಖುಷಿ, ಅಷ್ಟೇ. ನಿಮ್ಮ ಕೆಲಸ ಅಷ್ಟೇ."

"ನನಗ್ಯಾಕೆ ಖುಷಿ ಆಗುತ್ತೆ? ನನ್ನ ಮಗನಿಗೆ ಗ್ಲೌಸು ಕಟ್ಟಿದ ಕೈ ಅದು."

"ನಾಟಕ ಹಾಜ್, ನಾಟಕ."

"ನಾಟಕ ಅಂತ ಗೊತ್ತು ಕಣಮ್ಮಾ. ಕಾಲು ತಾನಾಗೇ ಏಳಲ್ಲ, ಏನ್ಮಾಡ್ಲಿ?"

ಆಮೇಲಾಮೇಲೆ ಅವರು ಕೂಗಿದ್ದು ನಿಜ. ಬಾಯಿ ಜೈ ಎನ್ನುತ್ತಿತ್ತು. ಮುಖ ಮಾತ್ರ ಮಣ್ಣು ಮಾಡಿ ಬಂದವರದು. ಭಾನುವಾರವೂ ಹಾಗೆಯೇ ಕಳೆಯಿತು. ಸಂಜೆ ನಬೀಹ್ ಬಂದು, ಸಿಟ್ಟಿಲ್ಲದ ದನಿಯಲ್ಲಿಯೇ ಹೇಳಿದ: "ನಾಳೆ ಸಂಜೆವರೆಗೂ ನೋಡೋಣ. ಆಗ್ಲಿಲ್ಲ ಅಂದ್ರೆ ಕೈರೋದಿಂದ ಬಸ್ಸು ತರಿಸ್ತೀವಿ. ಬೇಜಾರು ಮಾಡ್ಕೋಬೇಡಿ." ಇನ್ಸಾಫ್ ಬೇಜಾರು ಮಾಡಿಕೊಳ್ಳಲಿಲ್ಲ, ಅಷ್ಟಕ್ಕೂ ಶಕ್ತಿ ಉಳಿದಿರಲಿಲ್ಲ. ಕೈರೋದ ಬಸ್ಸು ಒಮ್ಮೆ ಬಂದರೆ ಮತ್ತೆ ತನ್ನ ಬಾಗಿಲು ಯಾರೂ ತಟ್ಟುವುದಿಲ್ಲ ಎಂಬುದನ್ನು ಮಾತ್ರ ಅವಳು ಸ್ಪಷ್ಟವಾಗಿ ಕಂಡಳು.

ಅಂದಿನ ಕೊನೆಯ ಟೇಕಿನಲ್ಲಿ ಖಮೀಸನ ಮೊಣಕಾಲು ತಾನೇ ಮಡಿಯಿತು. ಅವನು ಬೀಳಬೇಕಾದದ್ದಕ್ಕಿಂತ ಮುಂಚೆ, ಬೀಳಬಾರದ ಕಡೆಗೆ ಬಿದ್ದ. ಮುಖ ನೆಲಕ್ಕೆ. "ಕಟ್" ಎಂದರೂ ಏಳಲಿಲ್ಲ. ಕ್ಯಾಮೆರಾ ನಿಂತಿತು. ನೂರೆಂಬತ್ತು ಜನರ ಉಸಿರು ನಿಂತು, ತಗಡಿನ ಸೂರಿನ ಸದ್ದೊಂದೇ ಉಳಿಯಿತು. ಕೊನೆಗೆ ಒಂದು ಗ್ಲೌಸು ನೆಲ ಹಿಡಿಯಿತು, ಆಮೇಲೆ ಇನ್ನೊಂದು. ಖಮೀಸ್ ಎದ್ದು ನಿಂತು, ಮೂಗಿನ ಮೇಲಿನ ನೊಣ ಓಡಿಸಿ, "ಏನ್ರೋ ಹಾಗೆ ನೋಡ್ತೀರ? ಇನ್ನೂ ಬಾಡಿಗೆ ಕಟ್ಟೋದಿದೆ, ಸಾಯಲ್ಲ" ಎಂದ.

ಗೋದಾಮು ಸಿಡಿದುಹೋಯಿತು. ಟೋಪಿಗಳು ಮೇಲಕ್ಕೆ ಹಾರಿದವು. ಹೆಂಗಸರು ನಾಲಗೆ ಹೊರಳಿಸಿ ಕೇಕೆ ಹಾಕಿದರು. ಹಾಜ್ ದುಸೂಕಿ ಪಕ್ಕದವನ ಕೆನ್ನೆಗೆ ಮುತ್ತಿಟ್ಟು, ಉಳಿದಿದ್ದ ಐದಾರು ಹಲ್ಲನ್ನೂ ತೋರಿಸಿ, ಕೋಟಿನ ಗುಂಡಿ ಕಿತ್ತುಹೋಗುವಂತೆ ಕುಣಿದ. ಎರಡು ದಿನ ಬೇಡಿ ಪಡೆಯಲಾಗದ ಸಂತೋಷ ಅಲ್ಲಿ ನೆಲದ ಮೇಲೆ ಚೆಲ್ಲಾಡಿತ್ತು, ಅದನ್ನು ಹಿಡಿಯುವ ಕ್ಯಾಮೆರಾ ನಿಂತುಹೋಗಿತ್ತು. ನಬೀಹ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ನಿಂತಿದ್ದ.

ಆಮೇಲೆ ಅವನು ಇನ್ಸಾಫಳನ್ನು ಚಹಾದ ಒಲೆಯ ಹಿಂದಕ್ಕೆ ಕರೆದ.

"ಕಂಡ್ರಲ್ಲ? ನಾಳೆ ಎರಡೂ ಕ್ಯಾಮೆರಾ ಜನರ ಕಡೆ ತಿರುಗಿಸ್ತೀನಿ. ದೀಪ ಸರಿ ಮಾಡ್ತಿದೀವಿ ಅಂತ ಹೇಳೋಣ. ಕ್ಯಾಪ್ಟನ್ ಬೀಳ್ಲಿ, ಏಳೋಕೆ ತಡ ಮಾಡ್ಲಿ. ಜನ ಹೆದರ್ಲಿ. ಎದ್ದಾಗ ಬರುತ್ತಲ್ಲ, ಅದು ಸಾಕು ನನಗೆ."

"ಅಂದ್ರೆ ಅವರು ಎದ್ದಿದ್ದಕ್ಕೆ ಕುಣಿದದ್ದನ್ನ ಬಿದ್ದಿದ್ದಕ್ಕೆ ಕುಣಿದ ಹಾಗೆ ತೋರಿಸ್ತೀರಿ."

"ಹಿಂದುಮುಂದು ಜೋಡಿಸೋದೇ ನಮ್ಮ ಕಸುಬು, ಸಿತ್ ಇನ್ಸಾಫ್."

"ಮುಖ ಅವರದ್ದು, ಉಸ್ತಾದ್."

"ಹಗಲು ಹೊತ್ತು ಅದು ನಮ್ಮದು. ಸಂಜೆ ವಾಪಸು ಕೊಡ್ತೀವಿ."

ಅವಳು ಚಹಾ ಕುಡಿದು ಮುಗಿಸಿದಳು. ಈ ಉಪಾಯಕ್ಕೆ ಒಪ್ಪಿದರೆ ಚಿತ್ರದವರ ನಂಬಿಕೆ ಉಳಿಯುತ್ತದೆ. ಚಿತ್ರ ತೆರೆಗೆ ಬಂದ ದಿನ ಕೇರಿಯವರು ತಮ್ಮ ಕ್ಯಾಪ್ಟನ್ ಬಿದ್ದದ್ದಕ್ಕೆ ತಾವೇ ಕುಣಿಯುವುದನ್ನು ನೋಡುತ್ತಾರೆ. ನಮ್ಮ ಮುಖ ಮಾರಿಕೊಂಡವಳು ಇವಳೇ ಎನ್ನುತ್ತಾರೆ. ಒಪ್ಪದಿದ್ದರೆ ಕೇರಿಯವರನ್ನು ಹತ್ತಿಸಲು ಬಸ್ಸೇ ಇರುವುದಿಲ್ಲ. ಎಷ್ಟು ಯೋಚಿಸಿದರೂ ಲೆಕ್ಕ ಅಷ್ಟರಲ್ಲೇ ನಿಲ್ಲುತ್ತಿತ್ತು. ಒಂದನ್ನು ಮಾತ್ರ ಅವಳು ಆಗಲೇ ತೀರ್ಮಾನಿಸಿದಳು: ಖಮೀಸನಿಗೆ ಹೇಳದೆ ಇದನ್ನು ಮಾಡುವುದಿಲ್ಲ.

ಖಮೀಸ್ ಗೋದಾಮಿನ ಮೂಲೆಯಲ್ಲಿ ಬಿಸಿ ಉಪ್ಪುನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಕುಳಿತಿದ್ದ. ಉಮ್ ಸಬ್ರಿ ಅವನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಇನ್ಸಾಫ್ ಎಲ್ಲವನ್ನೂ ಇದ್ದಂತೆ ಹೇಳಿದಳು. ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ.

"ಎಷ್ಟು ಹೊತ್ತು ಬಿದ್ದಿರ್ಬೇಕು?"

"ನಾನು ಕೆಮ್ಮೋವರೆಗೆ."

"ಬಿದ್ದಿರೋದು ಏಳೋದಕ್ಕಿಂತ ಸುಲಭ. ಆಗ್ಲಿ."

"ಆಗ್ಲಿ ಅಂದ್ರೆ?" ಉಮ್ ಸಬ್ರಿಯ ಕೈ ನಿಂತಿತು. "ಪಿಕ್ಚರ್ ನೋಡಿದ ನಾದಿನಿ ನನ್ನ ಮನೆ ಮುಂದೆ ಬಂದು, ನಿಮ್ಮ ಓಣಿಯೋರೇ ನಿನ್ನ ಗಂಡ ಬಿದ್ದ ಅಂತ ಹಬ್ಬ ಮಾಡಿದ್ರಂತಲ್ಲ ಅಂತಾಳೆ. ನಾನು ಬಾಗಿಲು ಹಾಕ್ಕೊಂಡು ಕೂರ್ಲಾ?"

"ಅವಳು ಮಾತಾಡೋಕೆ ಪಿಕ್ಚರ್ ಬೇರೆ ಬರ್ಬೇಕಾ? ಸುಮ್ನೆ ತಿಕ್ಕು." ಖಮೀಸ್ ಕಣ್ಣು ತೆರೆದು ಇನ್ಸಾಫಳ ಕಡೆ ತಿರುಗಿದ. "ಒಂದು ಮಾತು. ಚಿತ್ರ ಬಂದಾಗ ಇವರು ಒಬ್ಬೊಬ್ಬರೇ ನೋಡಿ ಬರ್ಬಾರ್ದು. ಒಬ್ಬೊಬ್ಬರೇ ನೋಡಿದ್ರೆ, ಅವನು ನಕ್ಕ, ಇವನು ಕುಣಿದ ಅಂತ ಓಣೀಲಿ ಜಗಳ ಆಗುತ್ತೆ. ನೀನೇ ಎಲ್ಲರ್ನೂ ಒಟ್ಟಿಗೆ ಕರ್ಕೊಂಡು ಹೋಗ್ಬೇಕು. ಒಳಗೆ ಹೋಗೋಕೆ ಮುಂಚೆ ನೀನೇ ಹೇಳ್ಬೇಕು."

"ಹೇಳ್ತೀನಿ ಕ್ಯಾಪ್ಟನ್."

"ಈಗ ಹೇಳ್ಬೇಡ. ಈಗ ಹೇಳಿದ್ರೆ ನಾಳೆ ಮತ್ತೆ ಹತ್ತು ಸಲ ಬೀಳ್ಬೇಕಾಗುತ್ತೆ."

ಸೋಮವಾರ ಮಧ್ಯಾಹ್ನ ಕ್ಯಾಮೆರಾಗಳು ಸದ್ದಿಲ್ಲದೆ ಜನರ ಕಡೆ ತಿರುಗಿದವು. ಖಮೀಸ್ ಬಿದ್ದ. ಈ ಸಲ ಯಾರೂ ತಾಗಲಿಲ್ಲ ಎನ್ನಲಿಲ್ಲ. ಹಿಂದಿನ ದಿನದ ಹೆದರಿಕೆ ಇನ್ನೂ ಮೈಯಲ್ಲಿತ್ತು. ಗೋದಾಮು ತಣ್ಣಗಾಯಿತು. ಹಿಂದಿನ ಸಾಲಿನಲ್ಲಿ ಯಾರೋ ದೇವರ ಹೆಸರು ಹೇಳಲು ಶುರುಮಾಡಿದರು. ಹಾಜ್ ದುಸೂಕಿ ಎದ್ದು ರಿಂಗಿನ ಹಗ್ಗ ಹಿಡಿದುಕೊಂಡ. ನಬೀಹ್ ಇನ್ಸಾಫಳ ಕಿವಿಯ ಬಳಿ ಬಾಗಿ ಪಿಸುಗುಟ್ಟಿದ:

"ಮೂರನೇ ಸಾಲಲ್ಲಿ ಆ ಹೆಂಗಸು ಯಾರು? ಎಲ್ಲ ನಡುಗ್ತಿದಾರೆ, ಆಯಮ್ಮ ಕಿತ್ತಳೆ ಸುಲೀತಿದಾಳೆ!"

"ಅವರ ಹೆಂಡತಿ" ಎಂದಳು ಇನ್ಸಾಫ್.

ಆಮೇಲೆ ಕೆಮ್ಮಿದಳು. ಮೂರು ದಿನ ಕೂಗಿ ಕೂಗಿ ಒಣಗಿದ ಗಂಟಲು. ಬೇಕೆಂದು ಕೆಮ್ಮಿದ್ದು ನಿಲ್ಲದೆ ನಿಜವಾಗಿಯೇ ಕೆಮ್ಮಾಯಿತು. ಖಮೀಸ್ ಎದ್ದ. ಜನರ ಕೇಕೆ ಹಿಂದಿನ ದಿನದಷ್ಟೇ ಬಂತು, ಅದಕ್ಕಿಂತ ಸ್ವಲ್ಪ ಹೆಚ್ಚೇ. ತಲೆವಸ್ತ್ರ ಎತ್ತುವ ಕೆಲಸವೇ ಬೀಳಲಿಲ್ಲ.

ಬಸ್ಸು ಹತ್ತುವಾಗ ಹಾಜ್ ದುಸೂಕಿ ಕೇಳಿದ: "ಆ ಬೀಳೋ ಶಾಟು ನಾಳೆನಾ?"

"ಬೇಡ ಹಾಜ್, ಸಿಕ್ತು."

"ಯಾವಾಗ ಸಿಕ್ತು? ನಾನು ಜೈ ಅನ್ಲೇ ಇಲ್ವಲ್ಲ?"

"ಸಿಕ್ತು ಅಂದ್ನಲ್ಲ. ಹತ್ತಿ, ಮಳೆ ಬರುತ್ತೆ."

ಚಿತ್ರ ತೆರೆಗೆ ಬಂದದ್ದು ಮರುವರ್ಷದ ರಂಜಾನ್ ಹಬ್ಬಕ್ಕೆ. ಆ ನಡುವೆ ಇನ್ಸಾಫಳ ಬಾಗಿಲನ್ನು ಚಿತ್ರದವರು ಆಗಾಗ ತಟ್ಟಿದರು. ಕೇರಿಯವರು ಬಸ್ಸು ಹತ್ತಿದರು. ಒಂದು ಚುನಾವಣಾ ಸಭೆ, ಎರಡು ಮದುವೆ, ಒಂದು ಹಡಗು ಮುಳುಗಿದ ಸುದ್ದಿ ಕೇಳುವ ಜನ. ಅವಳು ಪ್ರತಿ ಸಲ ಬೆಳಿಗ್ಗೆ ಫೂಲ್ ಕೊಳ್ಳಲು ಹೋದಾಗಲೂ ಹಾಜ್ ದುಸೂಕಿ ಸೌಟಿನಲ್ಲಿ ಒಂದಿಷ್ಟು ಹೆಚ್ಚು ಹಾಕಿ, "ನನ್ನ ಪಿಕ್ಚರ್ ಯಾವಾಗಮ್ಮಾ?" ಎಂದು ಕೇಳುತ್ತಿದ್ದ. ಅವಳು, "ಬರುತ್ತೆ ಹಾಜ್" ಎಂದು ತಟ್ಟೆ ಮುಚ್ಚಿಕೊಂಡು ಬರುತ್ತಿದ್ದಳು. ಆ ವರ್ಷ ಅವಳಿಗೆ ಫೂಲ್ ರುಚಿಸಲಿಲ್ಲ.

೧೯೯೦ರ ಏಪ್ರಿಲ್ ೨೭, ಹಬ್ಬದ ಎರಡನೆಯ ದಿನ, ಸೆಖೆಯಿತ್ತು. ನೂರೆಂಬತ್ತು ಜನರನ್ನೂ ಕರೆದೊಯ್ಯುವಷ್ಟು ಹಣ ಅವಳ ಕೈಯಲ್ಲಿರಲಿಲ್ಲ. ಮುಂದಿನ ಸಾಲುಗಳಲ್ಲಿ ಕುಳಿತು ಮುಖ ಎದ್ದು ಕಾಣುವವರನ್ನಷ್ಟೇ ಆರಿಸಿ, ಖಮೀಸ್ ದಂಪತಿಯನ್ನೂ ಸೇರಿಸಿ ಬಸ್ಸು ಹತ್ತಿಸಿದಳು. ಎಲ್ಲರೂ ಹಬ್ಬದ ಹೊಸ ಬಟ್ಟೆಯಲ್ಲಿದ್ದರು. ಹಾಜ್ ದುಸೂಕಿ ಅತ್ತರು ಹಚ್ಚಿಕೊಂಡು ಬಂದಿದ್ದ. ಕಾಲುವೆಯ ಸೇತುವೆ ದಾಟಿದ ಮೇಲೆ ಅವಳು ಬಸ್ಸಿನ ನಡುವೆ ಎದ್ದು ನಿಂತು, ಸೀಟಿನ ಕಂಬಿ ಹಿಡಿದು, ಹೇಳಬೇಕಾದುದನ್ನು ಹೇಳಿದಳು. ಸುತ್ತಿ ಬಳಸಿ ಹೇಳಲಿಲ್ಲ. ಕ್ಯಾಪ್ಟನ್ ಎದ್ದಾಗ ನೀವು ಕುಣಿದಿರಿ, ಚಿತ್ರದಲ್ಲಿ ಅದು ಅವರು ಬಿದ್ದಾಗ ಬರುತ್ತದೆ, ನನಗೆ ಅಂದೇ ಗೊತ್ತಿತ್ತು ಎಂದಳು.

"ನಿಲ್ಲಿಸಪ್ಪಾ" ಎಂದ ಹಾಜ್ ದುಸೂಕಿ ಡ್ರೈವರನಿಗೆ. "ನಾನು ಇಳೀತೀನಿ."

"ಹಾಜ್..."

"ಮಾತಾಡಬೇಡ. ವರ್ಷಪೂರ್ತಿ ನನ್ನ ಕೈಯಿಂದ ಫೂಲ್ ತಗೊಂಡು ಹೋದೆ. ಒಂದು ದಿನ ಹೇಳ್ಬಾರ್ದಿತ್ತಾ? ನನ್ನ ಮುಖನ ನೀನು ಮಾರ್ಕೊಂಡೆ ಕಣೇ."

"ಹೇಳ್ಬೇಡ ಅಂದೋನು ನಾನು" ಎಂದ ಖಮೀಸ್, ಮುಂದಿನ ಸೀಟಿನಿಂದ ತಿರುಗದೆಯೇ. "ಎರಡು ದಿನ ಬಿದ್ದು ಬಿದ್ದು ನನ್ನ ಸೊಂಟ ಹೋಗಿತ್ತು. ನೀವು ಒಂದೇ ಒಂದು ಸಲ ಸರಿಯಾಗಿ ಜೈ ಅಂದಿದ್ರೆ ಇದ್ಯಾವುದೂ ಬೇಕಿರ್ಲಿಲ್ಲ. ಇಳಿಯೋದಾದ್ರೆ ಇಳಿ ಹಾಜ್, ನಿನ್ನ ಪಾಲಿನ ಕಲ್ಲಂಗಡಿ ಬೀಜ ನಾನೇ ತಿಂತೀನಿ."

ಯಾರೋ ನಕ್ಕರು. ಹಾಜ್ ದುಸೂಕಿ ನಗಲಿಲ್ಲ, ಇಳಿಯಲೂ ಇಲ್ಲ. ಕಿಟಕಿಯ ಕಡೆ ಮುಖ ಮಾಡಿ ಕುಳಿತ.

ಚಿತ್ರಮಂದಿರ ಹಬ್ಬದ ಜನರಿಂದ ಕಿಕ್ಕಿರಿದಿತ್ತು. ಕೊನೆಯ ಪಂದ್ಯ ಬಂದಾಗ ಇನ್ಸಾಫ್ ತೆರೆಯನ್ನು ನೋಡಲಿಲ್ಲ, ತನ್ನವರ ಸಾಲನ್ನು ನೋಡಿದಳು. ತೆರೆಯ ಮೇಲೆ ಮುಷ್ಟಿ ಹಾದುಹೋಯಿತು, ಕೈರೋದಲ್ಲಿ ಕೂಡಿಸಿದ ಏಟಿನ ಸದ್ದು ಬಾಗಿಲು ಮುರಿದಂತೆ ಬಂತು, ಖಮೀಸ್ ಉರುಳಿದ. ಆಮೇಲೆ ತೆರೆಯ ತುಂಬ, ಮನೆಯ ಗೋಡೆಯಷ್ಟು ದೊಡ್ಡದಾಗಿ, ಹಾಜ್ ದುಸೂಕಿಯ ಐದಾರು ಹಲ್ಲಿನ ನಗೆ. ಅವನ ಹಿಂದೆ ಕರ್ಮೂಝ್ ಕೇರಿಯೆಲ್ಲ ಟೋಪಿ ಹಾರಿಸಿ ಕುಣಿಯುತ್ತಿತ್ತು. ಚಿತ್ರಮಂದಿರದ ಅಪರಿಚಿತ ಜನವೂ ಶಿಳ್ಳೆ ಹೊಡೆದು ಎದ್ದರು. ಅವಳ ಸಾಲು ಮಾತ್ರ, ತಮ್ಮದೇ ಸಂತೋಷವನ್ನು ನೋಡುತ್ತ, ಕಲ್ಲಿನಂತೆ ಕುಳಿತಿತ್ತು.

ಮೊದಲು ಬಾಯಿ ಬಿಟ್ಟವಳು ಉಮ್ ಸಬ್ರಿ. ಪಕ್ಕದ ಅಪರಿಚಿತನ ತೋಳು ತಟ್ಟಿ, "ಅದು ಬಿದ್ದಾಗ ಅಲ್ಲ ಕಣಪ್ಪಾ, ಎದ್ದಾಗ! ಅವರು ಎದ್ರು, ಆಮೇಲೆ ಇವರು ಕೂಗಿದ್ದು!" ಎಂದಳು.

"ಏನು?"

"ಹಿಂದುಮುಂದು ಮಾಡಿದಾರೆ!"

ಅಷ್ಟು ಸಾಕಾಯಿತು. ಸಾಲಿನುದ್ದಕ್ಕೂ ಪ್ರತಿಯೊಬ್ಬರೂ ತಮ್ಮ ಮುಂದಿನವರಿಗೆ, ಹಿಂದಿನವರಿಗೆ ಹೇಳತೊಡಗಿದರು. ಆ ರಕ್ತ ಬೆಲ್ಲದ ಪಾಕ, ಹಿಂದೆ ಕೂತಿರೋರು ಮನುಷ್ಯರಲ್ಲ ಹಲಗೆ, ಆ ಏಟು ಒಂದು ಗೇಣು ದೂರ ಹೋಯ್ತು, ನಾನು ಕಣ್ಣಾರೆ ನೋಡಿದೀನಿ. ಹಾಜ್ ದುಸೂಕಿ ಎದ್ದೇ ನಿಂತ. "ಸ್ವಾಮಿ, ಆ ಮುಖ ನಂದು! ನಾನು ಹೇಳ್ತೀನಿ ಕೇಳಿ, ಅದು ಸುಳ್ಳು!"

"ಕೂತ್ಕೊಳ್ಳಯ್ಯಾ ಅಜ್ಜಾ, ಕಾಣಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ನಾಯಕ ಗೆದ್ದನೋ ಇಲ್ವೋ ಅಷ್ಟು ಹೇಳು!"

ಖಮೀಸ್ ಅವನ ಗಲ್ಲಾಬಿಯಾ ನಿಲುವಂಗಿಯ ಅಂಚು ಹಿಡಿದು ಕೆಳಕ್ಕೆಳೆದ. "ಕೂತ್ಕೋ ಮಾರಾಯ. ಚೆನ್ನಾಗೇ ಕಾಣ್ತಿದೀಯ."

ಗದ್ದಲ ಇಳಿಯುವಷ್ಟರಲ್ಲಿ ಚಿತ್ರ ಮುಗಿಯುತ್ತ ಬಂದಿತ್ತು. ತೆರೆಯ ಮೇಲೆ ಜನ ಇನ್ನೊಮ್ಮೆ ಕುಣಿದರು, ಅದೇ ಮುಖಗಳು, ಬೇರೆ ಕಡೆಯಿಂದ. ಖಮೀಸ್ ಕಲ್ಲಂಗಡಿ ಬೀಜ ಕಡಿಯುವುದನ್ನು ನಿಲ್ಲಿಸಿ ಆ ಮುಖಗಳನ್ನು ಒಂದೊಂದಾಗಿ ನೋಡಿದ. ಆ ಸೋಮವಾರ ಅವನ ಮುಖ ನೆಲಕ್ಕಿತ್ತು. ಎದ್ದಾಗ ಕಣ್ಣಲ್ಲಿ ಗ್ಲಿಸರಿನ್ ಇಳಿದು ಏನೂ ಕಾಣುತ್ತಿರಲಿಲ್ಲ.

"ಇನ್ಸಾಫ್" ಎಂದ ಮೆಲ್ಲಗೆ. "ನಾನು ಎದ್ದಿದ್ದಕ್ಕೆ ಇಷ್ಟೊಂದಾ?"

"ಇಷ್ಟೂ ಕ್ಯಾಪ್ಟನ್. ಚಿತ್ರದೋರು ಏನೂ ಸೇರಿಸಿಲ್ಲ."

ದೀಪ ಹತ್ತಿದಾಗ ಏಳಲು ಖಮೀಸನಿಗೆ ಎರಡು ಕಡೆಯಿಂದಲೂ ಕೈ ಬೇಕಾಯಿತು. ಒಂದು ಕೈ ಹಾಜ್ ದುಸೂಕಿಯದು.

ವಾಪಸಾಗುವಾಗ ಬಸ್ಸಿನಲ್ಲಿ ಯಾರು ಚೆನ್ನಾಗಿ ಕಂಡರು, ಯಾರು ದಪ್ಪ ಕಂಡರು ಎಂಬ ವಾದ ಸೇತುವೆಯವರೆಗೂ ನಡೆಯಿತು. ಇನ್ಸಾಫ್ ಡ್ರೈವರನ ಹಿಂದಿನ ಸೀಟಿನಲ್ಲಿ ಬೂಟು ಸಡಿಲಿಸಿಕೊಂಡು ಕುಳಿತಿದ್ದಳು. ಅವಳೊಂದಿಗೆ ಹಾಜ್ ದುಸೂಕಿ ಇನ್ನೂ ಮಾತಾಡಿರಲಿಲ್ಲ. ಓಣಿಯ ತಿರುವಿನಲ್ಲಿ ಇಳಿಯುವಾಗ ಅವನು ಮೆಟ್ಟಿಲ ಮೇಲೆ ನಿಂತ.

"ಮುಂದಿನ ಸಲ ಯಾವಾಗ ಕರೀತಾರೆ?"

"ಮೇ ತಿಂಗಳಲ್ಲಿ ಒಂದಿದೆ. ರೈಲ್ವೆ ನಿಲ್ದಾಣದ ಜನ."

"ಯಾರನ್ನ ಕಳಿಸೋಕೆ ಬಂದಿರ್ತೀವಿ, ಯಾರು ವಾಪಸು ಬರಲ್ಲ, ಅದೆಲ್ಲ ಹತ್ತೋ ಮುಂಚೆ ಹೇಳ್ಬೇಕು. ಇಲ್ಲ ಅಂದ್ರೆ ನಾನು ಬರಲ್ಲ."

"ಹೇಳ್ತೀನಿ ಹಾಜ್."

"ಬೆಳಿಗ್ಗೆ ಬೇಗ ಬಾ. ಹಬ್ಬದ ದಿನ ಫೂಲ್ ಬೇಗ ಖಾಲಿ ಆಗುತ್ತೆ."

ಆ ಸಂಜೆಯ ಖರ್ಚು: ಬಸ್ಸಿನ ಬಾಡಿಗೆ ನಲವತ್ತೈದು ಪೌಂಡು. ನಲವತ್ತೆಂಟು ಟಿಕೇಟು, ತಲಾ ಎರಡರಂತೆ, ತೊಂಬತ್ತಾರು. ತುರ್ಮುಸ್ ಕಾಳು ಮತ್ತು ಕಲ್ಲಂಗಡಿ ಬೀಜ, ಏಳು. ಸೋಡಾ, ಹನ್ನೆರಡು. ಡ್ರೈವರನಿಗೆ ಹಬ್ಬದ ಕಾಣಿಕೆ, ಐದು. ಒಟ್ಟು ನೂರ ಅರವತ್ತೈದು. ಇದರಲ್ಲಿ ತನ್ನ ಟಿಕೇಟಿನ ಎರಡು ಪೌಂಡನ್ನು ಹಾಜ್ ದುಸೂಕಿ ಬಲವಂತವಾಗಿ ಅವಳ ಕೈಗೆ ತುರುಕಿ ಹೋದ. ಉಳಿದ ನೂರ ಅರವತ್ತಮೂರು ಇನ್ಸಾಫಳದು.